ಜೇಡದ ಮೇಲಿನ ಅಪವಾದ

ಮೈಸೂರಿನ ಸರಸ್ವತಿಪುರಂನಂತಹ ಗಿಡಮರಗಳ ಬಡಾವಣೆಯಲ್ಲಿ ಜೇಡವಿಲ್ಲದ ಮನೆ ದುರ್ಲಭ. ಬೆಳಿಗ್ಗೆ ಏಳುವಾಗ ಮೈಮೇಲೆ ಉರಿಗುಳ್ಳೆ ಕಂಡಿತೆಂದರೆ, “ಜೇಡ ಉಚ್ಚೆ ಹೊಯ್ದಿದೆ” ಎಂದು ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಈ ಅಪವಾದಕ್ಕೆ ಆಧಾರವಿಲ್ಲ. ಜೇಡದ ವಿಷವಿರುವುದು ಅದು ಕಚ್ಚುವ ಕೊಂಡಿಗಳಲ್ಲಿ; ವಿಸರ್ಜನೆಯಲ್ಲಲ್ಲ.

ಹಾಗಾದರೆ ಗುಳ್ಳೆಗಳಿಗೆ ಕಾರಣವೇನು? ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಕಪ್ಪು-ಕಿತ್ತಳೆ ಬಣ್ಣದ ಸಣ್ಣ ಹುಳುವೊಂದುಂಟು. ನಿದ್ದೆಯಲ್ಲಿ ಅದು ಮೈಗೆ ಅರೆದುಹೋದರೆ, ರಸ ತಗುಲಿದೆಡೆ ಬರೆ ಎಳೆದಂತೆ ಸುಟ್ಟು ಗುಳ್ಳೆ ಏಳುತ್ತದೆ. ಇನ್ನೊಂದು ಕಾರಣ ಸರ್ಪಸುತ್ತು. ಇದು ಹಿಂದೆ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ಮತ್ತೆ ತಲೆಯೆತ್ತುವ ರೋಗ. ಮೊದಲು ನೋವು, ಅನಂತರ ಶರೀರದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಗಳು. ಇದರ ಔಷಧವನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ. ಜೇಡವೆಂದು ಭಾವಿಸಿ ಲೇಪ ಹಚ್ಚುತ್ತ ಕುಳಿತರೆ ಆ ಅವಧಿ ಕಳೆದುಹೋಗುತ್ತದೆ. ಗುಳ್ಳೆ ಕಣ್ಣಿನ ಬಳಿಯಿದ್ದರೆ ದೃಷ್ಟಿಗೇ ಅಪಾಯ.

ಜೇಡ ನಿಜವಾಗಿಯೂ ಕಚ್ಚುವುದುಂಟು. ಹೆಚ್ಚಿನವುಗಳ ವಿಷ ಮನುಷ್ಯನಿಗೆ ಅಲ್ಪ. ತುಸು ಊತ, ಕೆಂಪು, ನೋವು ಒಂದೆರಡು ದಿನದಲ್ಲಿ ಶಮನವಾಗುತ್ತವೆ. ಸ್ನಾನದ ಮನೆಯ ಗೋಡೆಗೆ ಅಂಟಿಕೊಂಡಿರುವ ಚಪ್ಪಟೆ ಜೇಡವಂತೂ ಜಿರಲೆಗಳ ಬೇಟೆಗಾರ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ ರೋಮಶ ದೊಡ್ಡ ಜೇಡಗಳ ಮಾತು ಬೇರೆ. ಅವುಗಳಲ್ಲಿ ಒಂದು ಇಂಗ್ಲಿಷಿನಲ್ಲಿ ಮೈಸೂರಿನ ಹೆಸರನ್ನೇ ಹೊತ್ತಿದೆ. 1895ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಅದನ್ನು ವರ್ಣಿಸಿದನು. ಈ ಕುಲದ ಜೇಡ ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡಬಹುದು.

ಕಚ್ಚಿದೊಡನೆ ಮಾಡಬೇಕಾದುದಿಷ್ಟು: ಗಾಯವನ್ನು ಸಾಬೂನು ನೀರಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡಿರಿ. ಕೈಗೆ ಕಚ್ಚಿದ್ದರೆ ಊದುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಸುಲಭವಾದರೆ ಜೇಡವನ್ನು ಸೀಸೆಯಲ್ಲಿ ಹಿಡಿದು ವೈದ್ಯರಿಗೆ ತೋರಿಸಿರಿ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಅವರನ್ನೇ ಕೇಳಿರಿ. ಹಾವಿನ ವಿಷಕ್ಕೆ ಕೊಡುವ ಔಷಧ ಇದಕ್ಕೆ ನಾಟದು.

ನೋವು ಹರಡುತ್ತ ಹೋದರೆ, ಮೈ ಬೆವರಿ ಹೊಟ್ಟೆ ಬಿಗಿದರೆ, ಸ್ನಾಯುಗಳು ಸೆಳೆದರೆ, ಗಾಯ ಕಪ್ಪಾಗಿ ಅಗಲವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಖ ಊದಿ ಉಸಿರು ಕಟ್ಟಿದರೆ ಕೂಡಲೆ 108ಕ್ಕೆ ಕರೆ ಮಾಡಬೇಕು. ಮಕ್ಕಳು ಮತ್ತು ವೃದ್ಧರ ವಿಷಯದಲ್ಲಿ ಕಾದು ನೋಡುವುದು ತರವಲ್ಲ.

ಮೂಲೆಯ ಜೇಡನಿಗೆ ಶಿಕ್ಷೆ ವಿಧಿಸುವ ಮುನ್ನ ಗುಳ್ಳೆಯನ್ನು ವೈದ್ಯರಿಗೆ ತೋರಿಸುವುದು ಲೇಸು.