ಎರಡೇ ಮಾರ್ಕ್ಸ್‌ಗೆ ಸೀಟು ಹೋಯ್ತಾ?

ಪಟ್ಟಿ ಬಂದ ದಿನ ರಾತ್ರಿ ಹತ್ತೂವರೆಗೆ ಫೋನ್ ರಿಂಗಾದರೆ ಅದು ಒಳ್ಳೆ ಸುದ್ದಿಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಳ್ಳೆ ಸುದ್ದಿಯಾಗಿದ್ದರೆ ಸಂಜೆ ಆರಕ್ಕೇ ಬಂದಿರುತ್ತಿತ್ತು, ಸ್ವೀಟ್ ಬಾಕ್ಸೂ ಜೊತೆಗೇ ಬಂದಿರುತ್ತಿತ್ತು. ಮೈಸೂರಿನಿಂದ ನನ್ನ ತಂಗಿ. “ಅಕ್ಕ, ಎರಡೇ ಎರಡು ಮಾರ್ಕ್ಸ್ ಕಣೇ...” ಅಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ. ಮಗ ಸೈನಿಕ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆ ಬರೆದಿದ್ದ. ಅವನದೇ ವರ್ಗದಲ್ಲಿ ಕೊನೆಯದಾಗಿ ಸೀಟು ಸಿಕ್ಕ ಹುಡುಗನಿಗಿಂತ ಇವನಿಗೆ ಎರಡು ಅಂಕ ಕಡಿಮೆ. “ಎಲ್ಲಾದರೂ ಅಪೀಲು ಹಾಕೋದಕ್ಕೆ ಬರುತ್ತಾ?” ಎಂಬುದೇ ಅವಳ ಪ್ರಶ್ನೆ.

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಸೈನಿಕ ಶಾಲೆಯೋ, ನವೋದಯವೋ, ಮೊರಾರ್ಜಿ ದೇಸಾಯಿ ವಸತಿ ಶಾಲೆಯೋ, ಕೂದಲೆಳೆಯಲ್ಲಿ ತಪ್ಪಿತಾ? ಹಾಗಾದರೆ ಅತ್ತೆಯವರ “ಹಣೆಬರಹ ಬಿಡು” ಎಂಬ ಮಾತಿಗೂ, ಪಕ್ಕದ್ಮನೆಯವರ “ನಮಗೆ ಗೊತ್ತಿರೋ ಒಬ್ಬರಿದ್ದಾರೆ, ಮಾತಾಡಿಸ್ಲಾ?” ಎಂಬ ಮಾತಿಗೂ ಸ್ವಲ್ಪ ತಡೆ ಹಾಕಿ ಇದನ್ನು ಓದಿ.

ಮೊದಲು ಎರಡು ಮಾರ್ಕ್ಸ್ ಅಂದರೆ ಎಷ್ಟು ಅಂತ ನೋಡೋಣ. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆಯಲ್ಲಿ 125 ಪ್ರಶ್ನೆ, 300 ಅಂಕ. ಗಣಿತದ 50 ಪ್ರಶ್ನೆಗಳಿಗೆ ತಲಾ ಮೂರು ಅಂಕ, ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನದ ತಲಾ 25 ಪ್ರಶ್ನೆಗಳಿಗೆ ಎರಡೆರಡು. ಅಂದರೆ ಒಂದೇ ಒಂದು ಲೆಕ್ಕ ಸರಿಯಾಗಿದ್ದರೆ ಮಗು ಗೆರೆಯ ಆಚೆ. ಒಂದು ಪುಟ್ಟ ವೃತ್ತ! ಹೊಟ್ಟೆ ಉರಿಯೋದು ಅದಕ್ಕೇ. ಇಪ್ಪತ್ತು ಮಾರ್ಕ್ಸ್ ಕಡಿಮೆ ಬಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು.

ಬಾಗಿಲು ತೆರೆದಿರುವುದು ಯಾವಾಗ?

ಬಹಳಷ್ಟು ತಾಯಂದಿರಿಗೆ ಗೊತ್ತಿಲ್ಲದ ಸಂಗತಿ ಇದು. ತಕರಾರು ಹೇಳಲು ಅವಕಾಶ ಇರುವುದು ಫಲಿತಾಂಶ ಬಂದ ಮೇಲಲ್ಲ, ಬರುವ ಮೊದಲು. 2021ರಿಂದ ಈ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ ನಡೆಸುತ್ತಿದೆ. ಪರೀಕ್ಷೆ ಮುಗಿದ ಕೆಲವು ವಾರಗಳ ನಂತರ ಅವರು ತಾತ್ಕಾಲಿಕ ಕೀ ಉತ್ತರಗಳನ್ನೂ, ನಿಮ್ಮ ಮಗುವಿನ ಓಎಂಆರ್ ಹಾಳೆಯ ಸ್ಕ್ಯಾನ್ ಪ್ರತಿಯನ್ನೂ, ಯಂತ್ರ ಓದಿಕೊಂಡ ಉತ್ತರಗಳನ್ನೂ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಆಗ ಎರಡು ಮೂರು ದಿನ ಕಾಲಾವಕಾಶ, ಅಷ್ಟೇ. ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆಗೆ ನೂರು ರೂಪಾಯಿ ಕಟ್ಟಿ ಆಕ್ಷೇಪಣೆ ಸಲ್ಲಿಸಬೇಕಿತ್ತು, ದುಡ್ಡು ವಾಪಸ್ ಬರುವುದಿಲ್ಲ. ಎಲ್ಲವೂ ಆನ್‌ಲೈನ್. ಕಾಗದ ಬರೆದು ಪೋಸ್ಟ್ ಮಾಡಿದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಜ್ಞರು ಪರಿಶೀಲಿಸಿದ ಮೇಲೆ ಅಂತಿಮ ಕೀ. ಅದರ ಮೇಲೆ ಫಲಿತಾಂಶ. ಆಮೇಲೆ ಮರು ಎಣಿಕೆಯೂ ಇಲ್ಲ, ಮರು ಮೌಲ್ಯಮಾಪನವೂ ಇಲ್ಲ.

ವಿಚಿತ್ರ ನೋಡಿ! ಮಗ ಎರಡು ಮಾರ್ಕ್ಸ್‌ಗೆ ತಪ್ಪಿಸಿಕೊಂಡ ಅಂತ ನಮಗೆ ತಿಳಿಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ “ಚೆನ್ನಾಗಿ ಬರೆದಿದ್ದಾನೆ, ನೋಡೋಣ ಬಿಡಿ” ಅಂತ ಕೂರಬೇಡಿ. ಕೀ ಬಂದ ದಿನವೇ ಸಾರಿನ ಒಲೆ ಸಣ್ಣ ಮಾಡಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ತಾಳೆ ನೋಡಿ. ಪ್ರಶ್ನೆಪತ್ರಿಕೆಯ ಕೋಡ್ ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಬೇರೆ ಕೋಡಿನ ಕೀ ಹಿಡಿದು ಲೆಕ್ಕ ಹಾಕಿ ಇಡೀ ಮನೆ ಊಟ ಬಿಟ್ಟ ಕಥೆಗಳೂ ಉಂಟು.

ಇಲ್ಲಿ ತಪ್ಪು ಎರಡು ಥರ. ಒಂದು, ಕೀ ಉತ್ತರವೇ ತಪ್ಪು. ಇದಕ್ಕೆ ಶಾಲೆಯ ಪಠ್ಯಪುಸ್ತಕದ ಪುಟವೋ, ಬಿಡಿಸಿದ ಲೆಕ್ಕವೋ ಆಧಾರವಾಗಿ ಇಟ್ಟುಕೊಳ್ಳಿ. ಆದರೆ ಒಂದು ಮಾತು ನೆನಪಿರಲಿ. ಕೀ ಬದಲಾದರೆ ಅದು ಆಕ್ಷೇಪಣೆ ಸಲ್ಲಿಸಿದವರಿಗೆ ಮಾತ್ರವಲ್ಲ, ಪರೀಕ್ಷೆ ಬರೆದ ಎಲ್ಲ ಮಕ್ಕಳಿಗೂ ಅನ್ವಯ. ನಿಮ್ಮ ಮಗನಿಗೆ ಮೂರು ಅಂಕ ಏರಿದಾಗ ಅದೇ ಉತ್ತರ ಬರೆದ ಸಾವಿರಾರು ಮಕ್ಕಳಿಗೂ ಏರುತ್ತದೆ, ಕಟಾಫೂ ಮೇಲೆ ಹೋಗಬಹುದು. ಎರಡನೆಯದು, ಮಗು ತುಂಬಿದ ವೃತ್ತ ಒಂದು, ಯಂತ್ರ ಓದಿದ್ದು ಇನ್ನೊಂದು. ಅಪರೂಪ. ಆದರೆ ಹಾಗಾಗಿದ್ದರೆ ಲಾಭ ನಿಮ್ಮ ಮಗುವಿನದು ಮಾತ್ರ. ಹಾಗಾಗಿ ಸ್ಕ್ಯಾನ್ ಪ್ರತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ನನ್ನ ತಂಗಿ ಏನು ಮಾಡಿದ್ದಳು ಗೊತ್ತಾ? ಆ ಹಾಳೆಯನ್ನು ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿ, ಫೈಲಿಗೆ ಹಾಕಿ, ದೇವರ ಮನೆಯಲ್ಲಿಟ್ಟಿದ್ದಳು. ಬಿಡಿಸಿ ನೋಡಿರಲಿಲ್ಲ! ಆ ರಾತ್ರಿ ನಾನು ಫೋನ್ ಹಿಡಿದೇ ಇದ್ದೆ, ಅವಳು ಫೈಲು ತೆಗೆದಳು. ಗಣಿತದ ಒಂದು ಪ್ರಶ್ನೆಗೆ ಎರಡು ವೃತ್ತ ಕಪ್ಪಾಗಿದ್ದವು. ಹುಡುಗ ಮಲಗಿರಲಿಲ್ಲ, ಫೋನಿಗೆ ಬಂದ. “ದೊಡ್ಡಮ್ಮ, ಮೊದಲು ಬಿ ತುಂಬಿಬಿಟ್ಟೆ. ಆಮೇಲೆ ಸಿ ಅಂತ ಗೊತ್ತಾಯ್ತು. ಅದನ್ನೂ ತುಂಬಿದೆ. ಅಮ್ಮಂಗೆ ಹೇಳಿರಲಿಲ್ಲ,” ಅಂದ. ಎರಡು ವೃತ್ತ ತುಂಬಿದರೆ ಅಂಕವಿಲ್ಲ, ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲೂ ಆಗದು. ಯಂತ್ರದ ತಪ್ಪಲ್ಲ, ಕೀ ತಪ್ಪಲ್ಲ. ಮೂರು ಅಂಕ ಅಲ್ಲೇ ಹೋಗಿತ್ತು. ಆಕ್ಷೇಪಣೆ ಹಾಕಿದ್ದರೂ ನೂರು ರೂಪಾಯಿ ದಂಡವೇ. ಆದರೆ ಎರಡು ತಿಂಗಳು ಆ ಮಗು ಈ ಗುಟ್ಟನ್ನು ಒಬ್ಬನೇ ಹೊತ್ತುಕೊಂಡಿತ್ತಲ್ಲ, ನನಗೆ ಸಂಕಟವಾಗಿದ್ದು ಅದಕ್ಕೆ.

ಪಟ್ಟಿಯಲ್ಲಿ ಮಗು ಎಲ್ಲಿದೆ?

ಅಂಕಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ವರ್ಗ. ಸೈನಿಕ ಶಾಲೆಗಳಲ್ಲಿ ಶೇ. 67ರಷ್ಟು ಸೀಟು ಆಯಾ ರಾಜ್ಯದ ಮಕ್ಕಳಿಗೆ, ಉಳಿದದ್ದು ಹೊರರಾಜ್ಯದವರಿಗೆ. ಅದರೊಳಗೆ ಮೀಸಲಾತಿ, ಸೈನಿಕರ ಮಕ್ಕಳು, ಹೆಣ್ಣುಮಕ್ಕಳು ಅಂತ ಬೇರೆ ಬೇರೆ ಪಟ್ಟಿ. ವಿಜಯಪುರದ ಶಾಲೆಯ ಕಟಾಫ್ ಒಂದು, ಕೊಡಗಿನದು ಇನ್ನೊಂದು. ಅರ್ಜಿಯಲ್ಲಿ ರಾಜ್ಯವನ್ನೋ ವರ್ಗವನ್ನೋ ತಪ್ಪಾಗಿ ತುಂಬಿದ್ದರೆ ಮಗು ಬೇರೆ ಸಾಲಿನಲ್ಲಿ ನಿಂತಂತೆ. ಅರ್ಜಿ ಮುಗಿದ ಮೇಲೆ ತಿದ್ದುಪಡಿಗೆ ಕೆಲವು ದಿನ ಕೊಡುತ್ತಾರೆ, ಆಗಲೇ ಸರಿಮಾಡಿಸಿ. ಯಜಮಾನರು ಆಫೀಸಿನಲ್ಲಿ ಅರ್ಜೆಂಟಾಗಿ ತುಂಬಿದ ಅರ್ಜಿಯನ್ನು ನೀವೊಮ್ಮೆ ಓದಿ ನೋಡೋದರಲ್ಲಿ ತಪ್ಪೇನಿಲ್ಲ.

ಮೊದಲ ಸುತ್ತಿನಲ್ಲಿ ಸೀಟು ಸಿಗದಿದ್ದರೆ ಮುಗಿಯಿತು ಅಂತಲ್ಲ. ಕೌನ್ಸೆಲಿಂಗ್ ಹಲವು ಸುತ್ತು ನಡೆಯುತ್ತದೆ. ಸೀಟು ಸಿಕ್ಕವರು ಬರುವುದಿಲ್ಲ, ವೈದ್ಯಕೀಯ ಪರೀಕ್ಷೆಯಲ್ಲಿ ಕೆಲವರು ನಿಲ್ಲುತ್ತಾರೆ, ದಾಖಲೆ ಸರಿಯಿಲ್ಲದೆ ಕೆಲವರು ವಾಪಸಾಗುತ್ತಾರೆ. ಎರಡು ಮಾರ್ಕ್ಸ್‌ಗೆ ತಪ್ಪಿದ ಮಕ್ಕಳಿಗೆ ನಿಜವಾದ ಆಸೆ ಇರುವುದು ಇಲ್ಲೇ, ಅಪೀಲಿನಲ್ಲಲ್ಲ. ನೋಂದಣಿ ಮಾಡಿಸಿದ ಮೊಬೈಲ್ ನಂಬರ್ ಬದಲಾಯಿಸಬೇಡಿ. ಜಾತಿ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಜನನ ಪ್ರಮಾಣಪತ್ರ ಎಲ್ಲ ಒಂದೇ ಫೈಲಿನಲ್ಲಿರಲಿ. ಕರೆ ಬಂದ ಮೇಲೆ ನಾಡಕಚೇರಿಗೆ ಓಡಿದರೆ ದಿನ ಮೀರಿಹೋಗುತ್ತದೆ.

ನವೋದಯದ್ದು ಇನ್ನೂ ಬಿಗಿ. 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅಂಕ ಮತ್ತೆ ನೋಡಿ ಅಂತ ಕೇಳಲು ಅಲ್ಲಿ ದಾರಿಯಿಲ್ಲ. ಆರನೇ ತರಗತಿಗೆ ಒಂದು ಮಗು ಒಂದೇ ಸಲ ಬರೆಯಬಹುದು. ಪೇಟೆಯವರು ಗಮನಿಸಬೇಕಾದ್ದು ಏನೆಂದರೆ, ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದನೇ ತರಗತಿಯಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿಯೇ. ಅಜ್ಜನ ಊರಿನ ವಿಳಾಸ ಕೊಟ್ಟರೆ ಆಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಿಕ್ಕ ಸೀಟೂ ಹೋಗುತ್ತದೆ. ಹಾಗೆ ಖಾಲಿಯಾದ ಜಾಗಕ್ಕೆ ಕಾಯುವ ಪಟ್ಟಿಯ ಮಕ್ಕಳನ್ನು ಕರೆಯುತ್ತಾರೆ.

ಮಾಹಿತಿ ಹಕ್ಕು, ಕೋರ್ಟು

“ಆರ್‌ಟಿಐ ಹಾಕಿ” ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಕಬಹುದು. ಪರೀಕ್ಷೆ ಬರೆದವರು ತಮ್ಮ ಉತ್ತರಪತ್ರಿಕೆ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ವಿರುದ್ಧದ ಪ್ರಕರಣದಲ್ಲಿ ಹೇಳಿದೆ. ಕೇಂದ್ರದ ಸಂಸ್ಥೆಗೆ ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಮೂವತ್ತು ದಿನ. ಕೊಡದಿದ್ದರೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಆದರೆ 2018ರಲ್ಲಿ ಯುಪಿಎಸ್‌ಸಿ ಪ್ರಕರಣದಲ್ಲಿ ಇದೇ ಕೋರ್ಟ್, ಸಾರ್ವಜನಿಕ ಹಿತಾಸಕ್ತಿ ನೋಡದೆ ಯಾಂತ್ರಿಕವಾಗಿ ಎಲ್ಲವನ್ನೂ ಕೊಡಲಾಗದು ಎಂದಿದ್ದೂ ಉಂಟು. ಒಟ್ಟಿನಲ್ಲಿ ಇದು ಹಾಳೆ ತೋರಿಸುವ ದಾರಿ, ಅಂಕ ಏರಿಸುವ ದಾರಿಯಲ್ಲ. ಉತ್ತರ ಬರುವಷ್ಟರಲ್ಲಿ ಸುತ್ತುಗಳೂ ಮುಗಿದಿರಬಹುದು.

ಹೈಕೋರ್ಟಿಗೆ ಹೋಗುವುದಾದರೆ ಇದು ಗೊತ್ತಿರಲಿ. ಕೀ ಉತ್ತರ ಸರಿ ಎಂದೇ ಕೋರ್ಟ್ ಮೊದಲು ಭಾವಿಸುತ್ತದೆ, ತಪ್ಪೆಂದು ಎದ್ದು ಕಾಣುವಂತಿದ್ದರೆ ಮಾತ್ರ ಕೈಹಾಕುತ್ತದೆ. 1983ರ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಿಂದ ಇದೇ ನಿಲುವು. 2017ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಹೊರತು ಅಭ್ಯರ್ಥಿಗಲ್ಲ ಎಂದಿತು. ವಕೀಲರ ಫೀಸು ಕಟ್ಟುವ ಮುಂಚೆ ಇದನ್ನು ಅವರ ಬಾಯಿಂದಲೇ ಕೇಳಿ. ಪ್ರಾಮಾಣಿಕರಾದರೆ ಹೌದೆನ್ನುತ್ತಾರೆ.

ಖಾಸಗಿ ಶಾಲೆಯವರು ಒಂದನೇ ಕ್ಲಾಸಿಗೋ ಐದನೇ ಕ್ಲಾಸಿಗೋ “ಎಂಟ್ರೆನ್ಸ್ ಟೆಸ್ಟ್‌ನಲ್ಲಿ ನಿಮ್ಮ ಮಗು ಫೇಲ್” ಅಂದರೆ ಅದು ಬೇರೆಯೇ ವಿಷಯ. ಅಲ್ಲಿ ಅಂಕದ ಜಗಳವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷಿಸುವಂತಿಲ್ಲ. ಮೊದಲ ಸಲಕ್ಕೆ 25 ಸಾವಿರದವರೆಗೆ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ ದಂಡ. ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸದು ಅಂತ 2014ರ ಸುಪ್ರೀಂ ಕೋರ್ಟ್ ತೀರ್ಪು. ಬಿಇಒ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಇನ್ನು ಆ “ಗೊತ್ತಿರೋ ಒಬ್ಬರು”. ಇಂತಿಷ್ಟು ಕೊಟ್ಟರೆ ಕಾಯುವ ಪಟ್ಟಿಯಿಂದ ಮೇಲೆ ತರಿಸುತ್ತೇನೆ ಅನ್ನುತ್ತಾರಂತೆ. ನಂಬಬೇಡಿ. ಪಟ್ಟಿ ತಾನಾಗಿಯೇ ಸರಿದು ನಿಮ್ಮ ಮಗುವಿಗೆ ಸೀಟು ಬಂದರೆ ನಾನೇ ಮಾಡಿಸಿದ್ದು ಅಂತಾರೆ, ಬಾರದಿದ್ದರೆ ಫೋನ್ ಎತ್ತುವುದಿಲ್ಲ. ಒಡವೆ ಅಡವಿಟ್ಟು ಕೊಟ್ಟವರಿದ್ದಾರೆ, ಗಂಡನಿಗೂ ಹೇಳದೆ.

ತಂಗಿಯ ಮಗನಿಗೆ ಎರಡನೇ ಸುತ್ತಿನಲ್ಲೂ ಸಿಗಲಿಲ್ಲ, ಮೂರನೆಯದರಲ್ಲೂ ಇಲ್ಲ. ಆರನೇ ತರಗತಿಗೆ ವಯಸ್ಸು ಮಾರ್ಚ್ 31ಕ್ಕೆ 10ರಿಂದ 12ರೊಳಗಿರಬೇಕು, ಮುಂದಿನ ವರ್ಷಕ್ಕೆ ಅವನಿಗೆ ಮೀರುತ್ತಿತ್ತು. ನಿಮ್ಮ ಮಗುವಿಗೆ ಮೀರದಿದ್ದರೆ ಮತ್ತೆ ಯೋಚಿಸಬಹುದು. ಮೊದಮೊದಲು ತಂಗಿ ಬಂದವರ ಮುಂದೆಲ್ಲ “ಎರಡೇ ಮಾರ್ಕ್ಸ್” ಅಂತ ಹೇಳಿಕೊಂಡು ಅಳುತ್ತಿದ್ದಳು. ಹುಡುಗ ರೂಮಿನಿಂದ ಹೊರಗೇ ಬರುತ್ತಿರಲಿಲ್ಲ. ಕೊನೆಗೆ ಅವರ ಮಾವನವರೇ, “ಇನ್ನು ಈ ಮನೇಲಿ ಆ ಮಾತು ಸಾಕಮ್ಮ” ಅಂದರಂತೆ. ಆ ವಾರವೇ ಅವನು ಸೈಕಲ್ ತೆಗೆದ.

ಈಗ ಒಂಬತ್ತನೇ ತರಗತಿ ಪ್ರವೇಶಕ್ಕೆ ಬರೆಯುತ್ತೇನೆ ಅಂತ ಅವನೇ ಹೇಳುತ್ತಿದ್ದಾನೆ. ಅದು 400 ಅಂಕದ್ದು. ಆರನೇ ತರಗತಿಯದನ್ನು ಕನ್ನಡದಲ್ಲೇ ಬರೆಯಬಹುದು, ಇದು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿದ್ದರೆ ಏಳನೇ ತರಗತಿಯಿಂದಲೇ ಗಣಿತದ ಇಂಗ್ಲಿಷ್ ಪದಗಳನ್ನು ಅಭ್ಯಾಸ ಮಾಡಿಸಿ. ಖಾಲಿ ಓಎಂಆರ್ ಹಾಳೆಯ ಹತ್ತಿಪ್ಪತ್ತು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ. ಭಾನುವಾರಕ್ಕೊಂದು, ಪೆನ್ನಿನಲ್ಲೇ ತುಂಬಲಿ, ಗಡಿಯಾರ ಎದುರಿಗಿರಲಿ.