ನಿಮಗಿದು ಗೊತ್ತೇ? ಫಳಫಳ ಸ್ಟೀಲಿನ ಹೊಗೆಯಲ್ಲಿ ಏನೇನಿದೆ!

ಅಡುಗೆಮನೆಯ ಸ್ಟೀಲ್ ತಟ್ಟೆಗೆ ತುಕ್ಕು ಯಾಕೆ ಹಿಡಿಯುವುದಿಲ್ಲ? ಅದರಲ್ಲಿ ಕ್ರೋಮಿಯಂ ಇದೆ! ಕಬ್ಬಿಣಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆತರೇನೇ ಅದು ಸ್ಟೇನ್‌ಲೆಸ್ ಸ್ಟೀಲ್. ತಟ್ಟೆಯಲ್ಲಿ ಇರುವವರೆಗೂ ಈ ಕ್ರೋಮಿಯಂ ಪರಮ ಸಾಧು. ವೆಲ್ಡಿಂಗ್ ಕಿಡಿ ತಾಕಿತೋ, ಅದರ ಗುಣವೇ ಬೇರೆ!

ವೆಲ್ಡಿಂಗ್‌ನ ಬಿಸಿಗೆ ಲೋಹ ಕರಗುತ್ತದೆ, ಸರಿ. ಜೊತೆಗೆ ಒಂದಿಷ್ಟು ಕುದಿದು ಆವಿಯೂ ಆಗುತ್ತದೆ! ಆ ಆವಿಯ ಕ್ರೋಮಿಯಂನಲ್ಲಿ ಒಂದು ಪಾಲು ಗಾಳಿಯ ಆಮ್ಲಜನಕದೊಡನೆ ಸೇರಿ ‘ಹೆಕ್ಸಾವೇಲೆಂಟ್ ಕ್ರೋಮಿಯಂ’ ಆಗುತ್ತದೆ. ಇದು ಶ್ವಾಸಕೋಶದ ಕ್ಯಾನ್ಸರ್ ತರುವ ವಿಷ.

ಈ ವಿಷಕ್ಕೆ ಅಮೆರಿಕ 2006ರಲ್ಲಿ ಕಟ್ಟಿದ ಮಿತಿ ಎಷ್ಟು ಗೊತ್ತೇ? ಎಂಟು ಗಂಟೆಯ ಪಾಳಿಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಗ್ರಾಂ ಸಾಕು, 2 ಲಕ್ಷ ಘನ ಮೀಟರ್ ಗಾಳಿ ಆ ಮಿತಿ ಮುಟ್ಟುತ್ತದೆ!

 

ಹೊಗೆಯ ಬಹುಪಾಲು ನೀವು ಬೆಸೆಯುವ ಪೈಪಿನಿಂದ ಬರುವುದಿಲ್ಲ. ಕೈಯಲ್ಲಿ ಹಿಡಿದ ವೆಲ್ಡಿಂಗ್ ರಾಡ್‌ನಿಂದ ಬರುತ್ತದೆ! ಹಾಗಾಗಿಯೇ ರಾಡ್ ವೆಲ್ಡಿಂಗ್‌ಗಿಂತ, ಆರ್ಗಾನ್ ಅನಿಲ ಹಾಯಿಸಿ ಕರಗದ ಕಡ್ಡಿಯಿಂದ ಕಿಡಿ ಹೊರಡಿಸುವ ಆರ್ಗಾನ್ (ಟಿಗ್) ವೆಲ್ಡಿಂಗ್‌ನಲ್ಲಿ ಹೊಗೆ ಬಹಳ ಕಡಿಮೆ.

ಹಾಗಂತ ಆರ್ಗಾನ್ ಪೂರ್ತಿ ಸಾಧುವೂ ಅಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಟ್ಯಾಂಕಿನೊಳಗೆ ಕೂತು ಬೆಸೆಯುವಾಗ ಅದು ತಳದಿಂದ ತುಂಬುತ್ತಾ ಬಂದು ಉಸಿರಾಡುವ ಗಾಳಿಯನ್ನೇ ಹೊರದಬ್ಬುತ್ತದೆ. ಒಳಗಿದ್ದವನಿಗೆ ಸುಳಿವೂ ಸಿಗದು!

ಈಗ ಜಿ.ಐ. ಪೈಪಿನ ವಿಚಾರ ಕೇಳಿ. ಅದರ ಮೇಲಿನ ಸತುವಿನ ಲೇಪ 907 ಡಿಗ್ರಿಗೇ ಕುದಿಯುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಅಂದರೆ ಉಕ್ಕು ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ಎದ್ದಿರುತ್ತದೆ! ಅದನ್ನು ಕುಡಿದವನಿಗೆ ಆಗ ಏನೂ ಆಗುವುದಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗುತ್ತಾನೆ. ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತದೆ.

ಇದಕ್ಕೆ ‘ಸೋಮವಾರದ ಜ್ವರ’ ಎಂಬ ಹೆಸರೂ ಇದೆ! ದಿನಾ ಹೊಗೆ ಕುಡಿದರೆ ಮೈ ಅದಕ್ಕೆ ಒಗ್ಗುತ್ತದೆ. ಭಾನುವಾರ ರಜೆ ಹಾಕಿದರೆ ಒಗ್ಗಿದ್ದು ಮರೆತುಹೋಗುತ್ತದೆ. ಸೋಮವಾರ ಮತ್ತೆ ಜ್ವರ!

ಹಾಲು ಕುಡಿದರೆ ಹೊಗೆಯ ವಿಷ ಇಳಿಯುತ್ತದೆ ಎಂಬ ನಂಬಿಕೆ ಎಷ್ಟೋ ದೇಶಗಳ ವೆಲ್ಡರ್‌ಗಳಲ್ಲಿದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅವೆರಡೂ ಭೇಟಿಯಾಗುವುದೇ ಇಲ್ಲ!

ಸತುವಿಗಿಂತ ಘೋರ ಕ್ಯಾಡ್ಮಿಯಂ. ಕೆಲವು ಹಳೆಯ ಬೋಲ್ಟುಗಳ ಲೇಪದಲ್ಲಿ ಅದು ಇರುತ್ತದೆ. ಶುರುವಿನಲ್ಲಿ ಇದೂ ಬರೀ ಜ್ವರದಂತೆಯೇ ಕಾಣುತ್ತದೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣವನ್ನೇ ತೆಗೆಯಬಹುದು.

ಕ್ಲೋರಿನ್ ಅಂಶವಿರುವ ದ್ರಾವಕದಿಂದ ಲೋಹ ಒರೆಸಿ, ಒಣಗುವ ಮೊದಲೇ ವೆಲ್ಡ್ ಮಾಡಿದರೆ? ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ!

ಹೊಗೆಯ ಮಟ್ಟಿಗೆ, ಕುಲುಮೆಯಲ್ಲಿ ಸ್ಟೀಲ್ ಕಾಯಿಸಿ ಬಡಿಯುವುದು ವೆಲ್ಡಿಂಗ್‌ಗಿಂತ ವಾಸಿ. ಅಲ್ಲಿ ಲೋಹ ಕೆಂಪಾಗುತ್ತದೆ, ಕುದಿಯುವುದಿಲ್ಲ. ಆದರೆ ಗುಜರಿಯಿಂದ ತಂದ ಲೇಪದ ಕಬ್ಬಿಣ ಕುಲುಮೆಗೆ ಬಿದ್ದರೆ ಸತುವಿನ ಹೊಗೆ ಇಲ್ಲಿಯೂ ಏಳುತ್ತದೆ.

ವೆಲ್ಡರ್‌ಗಳಿಗೆ ನ್ಯುಮೋನಿಯಾ ಹೆಚ್ಚು! ಲೋಹದ ಹೊಗೆಯಲ್ಲಿ ಸದಾ ಕೆಲಸ ಮಾಡುವವರಿಗೆ ನ್ಯುಮೋಕಾಕಲ್ ಲಸಿಕೆ ಕೊಡುವುದನ್ನು ಪರಿಗಣಿಸಿ ಎಂದು ಬ್ರಿಟನ್ನಿನ ಲಸಿಕೆ ಕೈಪಿಡಿಯೇ ಹೇಳುತ್ತದೆ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ವೆಲ್ಡಿಂಗ್ ಹೊಗೆಯನ್ನೂ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಕಲ್ನಾರು ಇರುವ ಗುಂಪು ಅದು!

ಮುಖಕ್ಕೆ ಕಟ್ಟಿದ ಟವೆಲ್ ಈ ಹೊಗೆಯನ್ನು ತಡೆಯದು. ಅದರ ಕಣ ಹೆಚ್ಚಾಗಿ ಒಂದು ಮೈಕ್ರಾನಿಗಿಂತ ಚಿಕ್ಕದು, ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್! ನಿಮ್ಮ ಮನೆಯ ಗೇಟಿಗೋ ಮೆಟ್ಟಿಲಿನ ಸ್ಟೀಲ್ ರೇಲಿಂಗಿಗೋ ವೆಲ್ಡರ್ ಬಂದಾಗ, ಕೆಲಸ ಬಯಲಲ್ಲೇ ನಡೆಯಲಿ. ಹೊಗೆ ಮುಖಕ್ಕೆ ಬಾರದ ಕಡೆ ಕೂರಲು ಅವರಿಗೆ ಜಾಗ ಮಾಡಿಕೊಡಿ. ಲೋಹದ ಹೊಗೆಗೆಂದೇ ಮಾಡಿದ ಒಳ್ಳೆಯ ಮಾಸ್ಕ್ ಒಂದನ್ನು ನೀವೇ ತಂದುಕೊಡಿ!