ಗಿಣಿಮೂತಿ ಮಾವಿಗೆ ರೆಕ್ಕೆ ಹೆಣೆಯುವ ಲೆಕ್ಕ

ಕೋಲ್ಕತ್ತದ ಎಸ್ಪ್ಲನೇಡ್ ಪ್ರದೇಶದಲ್ಲಿ 1874ರ ಜನವರಿ 1ರಂದು ತೆರೆದ ಹಾಗ್ ಮಾರುಕಟ್ಟೆ, ಅಂದರೆ ಇಂದಿನ ನ್ಯೂ ಮಾರ್ಕೆಟ್, ನಗರದ ಯುರೋಪಿಯನ್ ನಿವಾಸಿಗಳ ಅನುಕೂಲಕ್ಕೆಂದು ಕಟ್ಟಿದ್ದಾದರೆ, 1905ರಲ್ಲಿ ಅಲ್ಲಿಯೇ ಚೌರಂಗಿ ರಸ್ತೆಯಲ್ಲಿ ಎದ್ದ ವೈಟ್‌ಅವೇ ಲೇಡ್‌ಲಾ ಮಳಿಗೆ ಅದೇ ಬಗೆಯ ಗಿರಾಕಿಗಳಿಗೆ ಬಟ್ಟೆಬರೆ, ಗೃಹೋಪಯೋಗಿ ಸಾಮಾನುಗಳನ್ನು ಮಾರುತ್ತಿತ್ತು. ಯುರೋಪಿನ ಹೆಂಗಸರ ಬಿಡುವಿನ ಕಸುಬಾಗಿದ್ದ ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಎಳೆಯುತ್ತ ಹೋಗುವ ಹೆಣಿಗೆ, ಭಾರತದ ಮನೆಗಳಿಗೆ ಬಂದದ್ದು ಇಂಥ ಯುರೋಪಿಯನ್ ಮನೆತನಗಳ ಮತ್ತು ಮಿಷನರಿಗಳ ಮೂಲಕ. ಬಂಗಾಳಿಗಳು ಅದನ್ನು ಕುರುಶ್ ಎಂದು ಕರೆದು ಮೇಜಿನ ಹಾಸಿಗೂ ಲೇಸಿಗೂ ಬಳಸಿಕೊಂಡರು. ಕನ್ನಡನಾಡಿನ ಹೆಂಗಸರು ಬಾಗಿಲ ತೋರಣದಿಂದ ಹಿಡಿದು ಟೀವಿಯ ಹೊದಿಕೆಯವರೆಗೆ ಎಲ್ಲವನ್ನೂ ಹೆಣೆದು, ಈಗ ಅದೇ ಕಡ್ಡಿಯಿಂದ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಹಾಕುತ್ತಿದ್ದಾರೆ.

ಈ ಹಳೆಯ ಕಡ್ಡಿಗೆ ಹೊಸ ಕೆಲಸ ಕೊಟ್ಟದ್ದು ಜಪಾನಿನ ಅಮಿಗುರುಮಿ. ಹೆಣೆದು, ಒಳಗೆ ಹತ್ತಿ ತುಂಬಿ ಮಾಡುವ ಸಣ್ಣ ಗೊಂಬೆಗಳಿಗೆ ಅಲ್ಲಿನ ಹೆಸರು ಅದು. ಅದರ ಒಂದು ಪ್ರಭೇದದಲ್ಲಿ ಕಿತ್ತಳೆಗೆ ಬೆಕ್ಕಿನ ಕಿವಿ, ಸ್ಟ್ರಾಬೆರಿಗೆ ಕಪ್ಪೆಯ ಕಣ್ಣು ಮೂಡುತ್ತವೆ. ಕನ್ನಡಿಗರಿಗೆ ಇಂಥ ಕಲ್ಪನೆ ತೀರ ಅಪರಿಚಿತವೇನಲ್ಲ; ತೋತಾಪುರಿ ಮಾವು ತನ್ನ ಬಾಗಿದ ಮೊನೆಯ ದೆಸೆಯಿಂದ ಇಲ್ಲಿ ಗಿಣಿಮೂತಿಯೆಂದೇ ಮಾರಾಟವಾಗುತ್ತದೆ. ಬಂಗಾಳದಲ್ಲಿ ಹಣ್ಣಿನ ಪ್ರತಿಕೃತಿಗೆ ಬೇರೊಂದು ಹಿರಿಯ ಪರಂಪರೆಯಿದೆ: ನದಿಯಾ ಜಿಲ್ಲೆಯ ಕೃಷ್ಣನಗರದ ಘೂರ್ಣಿ ಬಡಾವಣೆಯ ಕುಶಲಕರ್ಮಿಗಳು ಮಣ್ಣಿನಲ್ಲಿ ಮಾಡುವ ಹಣ್ಣುಗಳು ನೋಡುವವರ ಕಣ್ಣನ್ನು ಮೋಸಗೊಳಿಸುವಷ್ಟು ನೈಜವಾಗಿರುತ್ತವೆ. ನೂಲಿನ ಮಾವು ಯಾರನ್ನೂ ಮೋಸಗೊಳಿಸಲಾರದು, ಅದರ ಪ್ರತಿ ಕುಣಿಕೆಯೂ ಎದ್ದು ಕಾಣುತ್ತದೆ. ಆದ್ದರಿಂದಲೇ ಅದಕ್ಕೆ ಕಣ್ಣನ್ನೂ ರೆಕ್ಕೆಯನ್ನೂ ಇಟ್ಟರೆ ಅಸಂಗತವೆನಿಸುವುದಿಲ್ಲ.

ಹೆಣೆಯುವವರಿಗೆ ಹಣ್ಣು ಒಗ್ಗುವುದಕ್ಕೆ ಮುಖ್ಯ ಕಾರಣ ರೇಖಾಗಣಿತದ್ದು. ಗೊಂಬೆಯ ಆರಂಭ ಮ್ಯಾಜಿಕ್ ರಿಂಗ್, ಅಂದರೆ ಬಾಲದ ನೂಲನ್ನು ಎಳೆದರೆ ಬಿಗಿಯಾಗಿ ಮುಚ್ಚಿಕೊಳ್ಳುವ ಉಂಗುರ. ಅದರೊಳಗೆ 6 ಸಿಂಗಲ್ ಕ್ರೋಶಾ, ಅಂದರೆ ಗಿಡ್ಡನೆಯ ಮೂಲ ಹೆಣಿಗೆಗಳನ್ನು ಹಾಕಿ, ಮುಂದಿನ ಸುತ್ತುಗಳಲ್ಲಿ 12, 18, 24, 30, 36 ಎಂದು ಏರಿಸುತ್ತ ಹೋದರೆ ಚಪ್ಪಟೆಯಾದ ವೃತ್ತ ಸಿಗುತ್ತದೆ. ಪ್ರತಿ ಸುತ್ತಿಗೂ ಆರೇ ಏಕೆ ಹೆಚ್ಚಬೇಕೆಂದರೆ, ವೃತ್ತದ ತ್ರಿಜ್ಯ ಒಂದು ಅಳತೆ ಹೆಚ್ಚಿದಾಗ ಅದರ ಪರಿಧಿ ಸುಮಾರು 6.28 ಅಳತೆ ಹೆಚ್ಚುತ್ತದೆ, ಮತ್ತು ಸಿಂಗಲ್ ಕ್ರೋಶಾದ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ ಇರುತ್ತದೆ. ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ವೃತ್ತ ಮೇಲೆದ್ದು ಶಂಕುವಾಗುತ್ತದೆ, ಹೆಚ್ಚಿಸುವುದನ್ನೇ ನಿಲ್ಲಿಸಿದರೆ ಕೊಳವೆಯಂತೆ ನೇರವಾಗಿ ಬೆಳೆಯುತ್ತದೆ, ಮಿತಿಮೀರಿ ಹೆಚ್ಚಿಸಿದರೆ ಅಂಚು ನಿರಿಗೆಗಟ್ಟುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ, ವಿದ್ಯಾರ್ಥಿಗಳ ಕಲ್ಪನೆಗೆ ನಿಲುಕದ ಹೈಪರ್ಬೋಲಿಕ್ ಸಮತಲವನ್ನು, ಅಂದರೆ ಎಲ್ಲೆಡೆಯೂ ಕುದುರೆಯ ತಡಿಯಂತೆ ಬಾಗಿದ ಮೇಲ್ಮೈಯನ್ನು, 1997ರಲ್ಲಿ ಕೈಗೆ ಸಿಗುವ ವಸ್ತುವಾಗಿಸಿದ್ದು ಈ ನಿರಿಗೆಯ ಗುಣದಿಂದಲೇ. ಅಡುಗೆಮನೆಯ ಪಕ್ಕದ ಹವ್ಯಾಸವೆಂದು ಬದಿಗಿಟ್ಟ ವಿದ್ಯೆಯೊಂದು ಗಣಿತದ ತರಗತಿಯಲ್ಲಿ ಮರ್ಯಾದೆ ಪಡೆಯಲು ಅಷ್ಟು ಕಾಲ ಬೇಕಾಯಿತು.

ಗಿಣಿಮೂತಿಯನ್ನು ಮೊನೆಯ ಕಡೆಯಿಂದ ಆರಂಭಿಸುವುದು ಲೇಸು. ಕೆಂಪು ನೂಲಿನಲ್ಲಿ 6, 9, 12 ಎಂದು ನಿಧಾನವಾಗಿ ಏರಿಸಿದರೆ ಕೊಕ್ಕಿಗೆ ಬೇಕಾದ ಶಂಕು ಸಿದ್ಧವಾಗುತ್ತದೆ. ಅಲ್ಲಿಂದ ಹಳದಿ-ಹಸಿರು ನೂಲಿಗೆ ಬದಲಿಸಿ 36ರವರೆಗೆ ಆರಾರು ಹೆಚ್ಚಿಸುವಾಗ, ಹೆಚ್ಚಿಸುವ ಜಾಗಗಳನ್ನು ಸುತ್ತಿನುದ್ದಕ್ಕೂ ಸಮನಾಗಿ ಹಂಚದೆ ಒಂದೇ ಮಗ್ಗುಲಿಗೆ ಒಟ್ಟುಗೂಡಿಸಿದರೆ ಮಾವಿನ ಆ ಒಂದು ಕಡೆಯ ಉಬ್ಬು ತಾನಾಗಿ ಬರುತ್ತದೆ. ಹೆಣಿಗೆಯೊಂದು ಅರ್ಧ ಸೆಂಟಿಮೀಟರ್ ಅಗಲವಿದ್ದರೆ 36ರ ಸುತ್ತಳತೆ 18 ಸೆಂಟಿಮೀಟರ್, ಅಡ್ಡಳತೆ 6 ಸೆಂಟಿಮೀಟರಿಗೆ ತುಸು ಕಡಿಮೆ, ಅಂದರೆ ಅಂಗೈಯಲ್ಲಿ ಹಿಡಿಸುವಷ್ಟು. ಕೆಲವು ಸುತ್ತು ಏರಿಸದೆ ಹೆಣೆದು, ಬಳಿಕ ಎರಡೆರಡು ಹೆಣಿಗೆಗಳನ್ನು ಒಂದಾಗಿಸುತ್ತ ಇಳಿಸಿ, ತೊಟ್ಟಿನ ಕಡೆ ಮುಚ್ಚುವ ಮೊದಲೇ ಹತ್ತಿ ತುಂಬಬೇಕು. ಸುತ್ತುಗಳು ಸುರುಳಿಯಾಗಿ ಸಾಗುವುದರಿಂದ ಪ್ರತಿ ಸುತ್ತಿನ ಮೊದಲ ಹೆಣಿಗೆಗೆ ಬೇರೆ ಬಣ್ಣದ ದಾರ ಸಿಕ್ಕಿಸದವರು ಲೆಕ್ಕ ತಪ್ಪುವುದು ಖಂಡಿತ. ಕಡ್ಡಿಯನ್ನು ನೂಲಿನ ದಪ್ಪಕ್ಕೆ ರೂಢಿಯಲ್ಲಿರುವುದಕ್ಕಿಂತ ಒಂದು ಅಳತೆ ಸಣ್ಣದಾಗಿ ಆರಿಸಿದರೆ ಹೆಣಿಗೆ ಬಿಗಿಯಾಗಿ, ಒಳಗಿನ ಹತ್ತಿ ಇಣುಕುವುದಿಲ್ಲ. ದಿಂಬಿಗೆ ತುಂಬುವ ಬೂರುಗದ ಹತ್ತಿ ತೊಳೆದಾಗ ಉಂಡೆಗಟ್ಟುವುದರಿಂದ ಪಾಲಿಯೆಸ್ಟರ್ ಹತ್ತಿಯೇ ವಾಸಿ. ಹಾಗೆಯೇ ಕೋಲ್ಕತ್ತದ ಸೆಕೆಗೂ ತೇವಕ್ಕೂ ಉಣ್ಣೆಗಿಂತ ಹತ್ತಿಯ ನೂಲು ಹಿತ. ರೆಕ್ಕೆಗೆ ಬೇರೆ ಆಕಾರ ಹುಡುಕಬೇಕಿಲ್ಲ, ಎರಡು ಮಾವಿನೆಲೆ ಹೆಣೆದು ಮಗ್ಗುಲಿಗೆ ಹೊಲಿದರೆ ಸಾಕು, ಮೂರನೆಯದು ತೊಟ್ಟಿನ ಬಳಿ ಬಾಲವಾಗುತ್ತದೆ.

ಕಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಿಂಬದಿಗೆ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣುಗಳಿಗೆ ಸೇಫ್ಟಿ ಐಸ್ ಎಂಬ ಹೆಸರಿದ್ದರೂ, ಹೆಣಿಗೆ ಸಡಿಲವಾದರೆ ಅವು ಕಿತ್ತುಬಂದು ಮಗುವಿನ ಗಂಟಲು ಸೇರಬಹುದಾದ್ದರಿಂದ, ಮೂರು ವರ್ಷದೊಳಗಿನವರ ಗೊಂಬೆಗೆ ಕಪ್ಪು ದಾರದ ಕಸೂತಿಯ ಕಣ್ಣೇ ತಕ್ಕುದು. ಭಾರತದಲ್ಲಿ 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ಅದರಿಂದ ವಿನಾಯಿತಿಯಿದೆ.

ಬೆಲೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಸ್ವೆಟರ್ ಹೆಣೆಯುವ ಯಂತ್ರ ನೂರಾರು ಕುಣಿಕೆಗಳನ್ನು ಸೂಜಿಗಳ ಸಾಲಿನಲ್ಲಿ ಒಟ್ಟಿಗೆ ಹಿಡಿದಿಡುತ್ತದೆ. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಕುಣಿಕೆ, ಕೊಕ್ಕೆಯೋ ಹೆಣೆದ ಭಾಗದ ಯಾವ ಎಡೆಯಿಂದಲಾದರೂ ನೂಲನ್ನು ಎಳೆದು ತರುತ್ತದೆ, ಆದ್ದರಿಂದ ನಿಜವಾದ ಕ್ರೋಶಾವನ್ನು ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಿಸುವ ಯಂತ್ರ ಬಳಕೆಗೆ ಬಂದಿಲ್ಲ. ಹೀಗಾಗಿ ಪಾದಚಾರಿ ಮಾರ್ಗದಲ್ಲಿ ಅಗ್ಗಕ್ಕೆ ಸಿಗುವ ಹೆಣೆದ ಗೊಂಬೆಯೂ ಯಾರದೋ ಕೈಯಲ್ಲಿ ಗಂಟೆಗಟ್ಟಲೆ ಕೂತು ಬಂದದ್ದೇ ಆಗಿರುತ್ತದೆ. ಆ ಗಂಟೆಗಳಿಗೆ ಏನು ದಕ್ಕುತ್ತದೆಂಬುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ: 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸನ್ನು ಆಂಧ್ರದ ನರಸಾಪುರದ ಹೆಂಗಸರು ವಿದೇಶದ ಮಾರುಕಟ್ಟೆಗೆಂದು ಹೆಣೆಯುತ್ತಿದ್ದರೂ, ಅವರು ಬರೀ ಗೃಹಿಣಿಯರು, ಇದು ಬಿಡುವಿನ ಕೆಲಸ ಎಂಬ ನೆಪದಲ್ಲಿ ಅವರ ಕೂಲಿ ತೀರ ಕೆಳಗುಳಿದಿತ್ತು. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಊರಿನ ಹೆಸರಿನ ದುರ್ಬಳಕೆಯನ್ನು ತಡೆಯುತ್ತದೆಯೇ ಹೊರತು ಹೆಣೆಯುವವರ ಕೂಲಿಯನ್ನು ನಿಗದಿಪಡಿಸುವುದಿಲ್ಲ.